ಒಂದು ವಾಕ್ಯದ ಮೂವತ್ತೈದು ವರ್ಷ

ಸರಕಾರಿ ಕಚೇರಿಯಲ್ಲಿ ಇಪ್ಪತ್ತು ವರ್ಷ ಕಡತಗಳ ನಡುವೆ ಕಳೆದವರಿಗೆ ಒಂದು ಸಂಗತಿ ಮನದಟ್ಟಾಗಿರುತ್ತದೆ. ಟಿಪ್ಪಣಿ ಹಾಳೆಯಲ್ಲಿ ಯಾರೋ ಒಬ್ಬರು ಬರೆದ ಒಂದು ವಾಕ್ಯ, ಬರೆದವರು ವರ್ಗವಾಗಿ ಹೋದ ಮೇಲೂ, ನಿವೃತ್ತರಾದ ಮೇಲೂ, ಎಷ್ಟೋ ಜನರ ಬಡ್ತಿಯನ್ನೂ ಪಿಂಚಣಿಯನ್ನೂ ನಿರ್ಧರಿಸುತ್ತ ಕೂತಿರುತ್ತದೆ. ಬರೆದವರ ಮನಸ್ಸಿನಲ್ಲಿ ಏನಿತ್ತೆಂದು ಆಮೇಲೆ ಯಾರೂ ಕೇಳುವುದಿಲ್ಲ. ವಾಕ್ಯದಲ್ಲಿ ಏನಿದೆ ಎಂಬುದಷ್ಟೇ ಉಳಿಯುತ್ತದೆ.

ಒಂದು ಕಡತದ ವಾಕ್ಯಕ್ಕೇ ಇಷ್ಟು ಬಲವಿದ್ದರೆ ಒಂದು ದೇಶದ ಸಂವಿಧಾನದ ವಾಕ್ಯಕ್ಕೆ ಎಷ್ಟಿರಬೇಡ! ಅಂಥ ಒಂದು ವಾಕ್ಯದ ಚರಿತ್ರೆಯನ್ನು ವಾಚಕರ ಮುಂದಿಡಲು ನಾವು ಇಲ್ಲಿ ಯತ್ನಿಸಿದ್ದೇವೆ. ವಾಕ್ಯ ಐರ್ಲೆಂಡಿನದು. ಅದನ್ನು ಬರೆಸಿದ್ದು ಸರಕಾರವಲ್ಲ, ರಾಜಕೀಯ ಪಕ್ಷವೂ ಅಲ್ಲ, ಕೆಲವು ವೈದ್ಯರೂ ವಕೀಲರೂ ಕೂಡಿ ಕಟ್ಟಿದ ಒಂದು ಚಳವಳಿ. ಆ ವಾಕ್ಯದ ನೆರಳು ಕೊನೆಗೆ ನಮ್ಮ ಬೆಳಗಾವಿಯ ಒಂದು ಮನೆಯ ಮೇಲೂ ಬಿದ್ದದ್ದರಿಂದ, ಇದು ಪರದೇಶದ ಸುದ್ದಿ ಎಂದು ಸುಮ್ಮನಿರುವಂತಿಲ್ಲ.

ಹಳೆಯ ಕಾನೂನು, ಹೊಸ ಭಯ

ಐರ್ಲೆಂಡಿಗೂ ನಮಗೂ ಹಳೆಯ ನಂಟು. ನಮ್ಮ ಸಂವಿಧಾನದ ರಾಜ್ಯನೀತಿಯ ನಿರ್ದೇಶಕ ತತ್ತ್ವಗಳ ಮಾದರಿ ಬಂದದ್ದು ಅವರ 1937ರ ಸಂವಿಧಾನದಿಂದ. ಅದಕ್ಕೂ ಮೊದಲು ಇಬ್ಬರನ್ನೂ ಆಳಿದವರು ಒಬ್ಬರೇ. ಆ ಆಳುವವರು ಗರ್ಭಪಾತದ ಬಗ್ಗೆ ಒಂದು ವರ್ಷದ ಅಂತರದಲ್ಲಿ ಎರಡು ಕಾನೂನುಗಳನ್ನು ತಂದರು. ನಮಗೆ 1860ರ ದಂಡಸಂಹಿತೆಯ 312ನೆಯ ಕಲಮು. ಐರ್ಲೆಂಡು ಇಂಗ್ಲೆಂಡುಗಳಿಗೆ 1861ರ ಕಾಯಿದೆ. ನಮ್ಮ ಕಲಮಿನಲ್ಲಿ ತಾಯಿಯ ಜೀವ ಉಳಿಸಲು ಸದ್ಭಾವನೆಯಿಂದ ಮಾಡಿದ್ದು ಅಪರಾಧವಲ್ಲವೆಂಬ ಮಾತು ಸ್ಪಷ್ಟವಾಗಿತ್ತು. 1861ರ ಕಾಯಿದೆಯಲ್ಲಿ ಆ ಮಾತು ಅಷ್ಟು ಸ್ಪಷ್ಟವಾಗಿರಲಿಲ್ಲ. ಶಿಕ್ಷೆ ಮಾತ್ರ ಆಜೀವವಾಗಿತ್ತು.

ಇಂಗ್ಲೆಂಡು 1967ರಲ್ಲಿ ತನ್ನ ಕಾನೂನನ್ನು ಸಡಿಲಿಸಿತು. ಭಾರತದಲ್ಲಿ ಶಾಂತಿಲಾಲ್ ಷಾ ಸಮಿತಿಯ ಶಿಫಾರಸಿನ ಮೇಲೆ 1971ರಲ್ಲಿ ವೈದ್ಯಕೀಯ ಗರ್ಭಪಾತದ ಕಾಯಿದೆ ಬಂದಿತು. ಐರ್ಲೆಂಡು 1922ರಲ್ಲಿ ಸ್ವತಂತ್ರವಾಗಿದ್ದರೂ 1861ರ ಕಾಯಿದೆಯನ್ನು ಹಾಗೆಯೇ ಇಟ್ಟುಕೊಂಡಿತ್ತು. ಬಹುಸಂಖ್ಯಾತರು ಕ್ಯಾಥೊಲಿಕರಾದ ಆ ದೇಶದಲ್ಲಿ ಅದನ್ನು ಬದಲಿಸಬೇಕೆಂದು ಕೇಳುವವರೂ ಆಗ ವಿರಳ.

ಹಾಗಿದ್ದ ಮೇಲೆ ಚಳವಳಿ ಏಕೆ ಬೇಕಾಯಿತು? ಕಾರಣ, ನ್ಯಾಯಾಲಯದ ಭಯ. 1973ರಲ್ಲಿ ಎರಡು ತೀರ್ಪುಗಳು ಬಂದವು. ಜನವರಿಯಲ್ಲಿ ಅಮೆರಿಕೆಯ ಸುಪ್ರೀಂ ಕೋರ್ಟು, ಖಾಸಗಿ ಬದುಕಿನ ಹಕ್ಕಿನ ಆಧಾರದ ಮೇಲೆ ಗರ್ಭಪಾತಕ್ಕೆ ಅವಕಾಶ ಕೊಟ್ಟಿತು. ಡಿಸೆಂಬರಿನಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟು ನಾಲ್ಕು ಮಕ್ಕಳ ತಾಯಿಯೊಬ್ಬರ ಮೊಕದ್ದಮೆಯಲ್ಲಿ, ದಂಪತಿಗಳು ಸಂತಾನನಿಯಂತ್ರಣ ಸಾಧನಗಳನ್ನು ತರಿಸಿಕೊಳ್ಳುವುದು ಅವರ ಖಾಸಗಿ ಬದುಕಿಗೆ ಸೇರಿದ್ದೆಂದಿತು. ಮತ್ತೊಂದು ಗರ್ಭ ನಿಂತರೆ ಜೀವಕ್ಕೆ ಅಪಾಯವೆಂದು ಆಕೆಗೆ ವೈದ್ಯರು ಹೇಳಿದ್ದರು. ಆಕೆ ತರಿಸಿಕೊಂಡ ಔಷಧವನ್ನು ಸುಂಕದವರು ಹಿಡಿದಿಟ್ಟಿದ್ದರು. ಇಂದು ಸಂತಾನನಿಯಂತ್ರಣಕ್ಕೆ ಸಿಕ್ಕ ಹಕ್ಕು ನಾಳೆ ಗರ್ಭಪಾತಕ್ಕೂ ಸಿಕ್ಕೀತು ಎಂದು ಕೆಲವರಿಗೆ ತೋರಿತು. ಶಾಸಕರು ಕಾನೂನು ಬದಲಿಸದಿದ್ದರೂ ನ್ಯಾಯಾಧೀಶರು ಬದಲಿಸಬಹುದು. ಅದಕ್ಕೆ ಬಾಗಿಲು ಹಾಕಬೇಕಾದರೆ ಮಾತು ಸಂವಿಧಾನದಲ್ಲೇ ಇರಬೇಕು.

ಎರಡೂವರೆ ವರ್ಷದ ಕೆಲಸ

1981ರ ಏಪ್ರಿಲಿನಲ್ಲಿ 'ಪ್ರೊ-ಲೈಫ್ ಅಮೆಂಡ್‌ಮೆಂಟ್ ಕ್ಯಾಂಪೇನ್' ಎಂಬ ಹೆಸರಿನಲ್ಲಿ ಚಳವಳಿ ಬಹಿರಂಗವಾಯಿತು. 'ಜೀವಪರ ತಿದ್ದುಪಡಿ ಚಳವಳಿ' ಎಂದು ಕನ್ನಡಿಸಬಹುದು. ಸ್ತ್ರೀರೋಗ ತಜ್ಞೆ ಜೂಲಿಯಾ ವಾನ್ ಅಧ್ಯಕ್ಷೆ; ಕಾನೂನು ಪ್ರಾಧ್ಯಾಪಕ ವಿಲಿಯಂ ಬಿಂಚಿ ಕಾನೂನು ಸಲಹೆಗಾರ. ಕ್ಯಾಥೊಲಿಕ್ ವೈದ್ಯರ ಮತ್ತು ದಾದಿಯರ ಸಂಘಗಳು, ಶಾಲಾ ಮಕ್ಕಳ ಪಾಲಕರ ಒಕ್ಕೂಟಗಳು, ವಕೀಲರ ಕೂಟ ಹೀಗೆ ಹತ್ತಕ್ಕೂ ಹೆಚ್ಚು ಸಂಸ್ಥೆಗಳು ಒಂದೇ ಕೊಡೆಯ ಕೆಳಗೆ ನಿಂತವು.

ಅವರ ಜಾಣತನವೆಲ್ಲ ಇದ್ದದ್ದು ಕಾಲವನ್ನು ಆರಿಸಿಕೊಂಡದ್ದರಲ್ಲಿ. ಆ ವರ್ಷ ಐರ್ಲೆಂಡಿನ ರಾಜಕೀಯ ಅಲ್ಲಾಡುತ್ತಿತ್ತು. 1981ರ ಜೂನ್, 1982ರ ಫೆಬ್ರವರಿ, ಅದೇ ವರ್ಷದ ನವೆಂಬರ್, ಹೀಗೆ ಹದಿನೆಂಟು ತಿಂಗಳಲ್ಲಿ ಮೂರು ಮಹಾಚುನಾವಣೆಗಳು ನಡೆದವು. ಒಂದೆರಡು ಸ್ಥಾನಗಳಿಂದ ಸರಕಾರ ಬೀಳುವ, ಏಳುವ ಸ್ಥಿತಿ. ಚಳವಳಿಯ ನಿಯೋಗ ಇತ್ತ ಗ್ಯಾರೆಟ್ ಫಿಟ್ಸ್‌ಜೆರಾಲ್ಡರನ್ನು ಕಂಡಿತು, ಅತ್ತ ಚಾರ್ಲ್ಸ್ ಹಾಹಿಯವರನ್ನೂ ಕಂಡಿತು. ಇಬ್ಬರೂ ತಿದ್ದುಪಡಿಗೆ ಒಪ್ಪಿದರು. ಒಪ್ಪದಿದ್ದರೆ ಇನ್ನೊಬ್ಬರು ಒಪ್ಪಿ ಮತ ಗಳಿಸಿಯಾರು ಎಂಬ ಅಂಜಿಕೆ ಇಬ್ಬರಿಗೂ ಇದ್ದಿರಬೇಕು.

1982ರ ನವೆಂಬರಿನಲ್ಲಿ, ಬೀಳುವ ಹಂತದಲ್ಲಿದ್ದ ಹಾಹಿ ಸರಕಾರ ವಾಕ್ಯದ ಕರಡನ್ನು ಪ್ರಕಟಿಸಿತು. ಅದರ ತಾತ್ಪರ್ಯ ಇಷ್ಟು: ಹುಟ್ಟದ ಜೀವಕ್ಕೆ ಬದುಕುವ ಹಕ್ಕಿದೆ, ತಾಯಿಗೂ ಅದಕ್ಕೆ ಸಮನಾದ ಹಕ್ಕಿದೆ, ಸಾಧ್ಯವಾದ ಮಟ್ಟಿಗೆ ಆ ಹಕ್ಕನ್ನು ರಾಜ್ಯವು ತನ್ನ ಕಾನೂನುಗಳಿಂದ ರಕ್ಷಿಸುತ್ತದೆ.

ಓದಲು ನ್ಯಾಯವಾಗಿಯೇ ಕಾಣುತ್ತದೆ. ಆದರೆ ಮುಂದಿನ ಸರಕಾರದ ಅಟಾರ್ನಿ ಜನರಲ್ ಪೀಟರ್ ಸದರ್‌ಲೆಂಡ್ 1983ರ ಆರಂಭದಲ್ಲೇ ಎಚ್ಚರಿಸಿದರು. ವಾಕ್ಯದ ಅರ್ಥ ಸಂದಿಗ್ಧ. ಎರಡು ಸಮಾನ ಹಕ್ಕುಗಳು ಎದುರುಬದುರಾದಾಗ ವೈದ್ಯನು ಏನು ಮಾಡಬೇಕೆಂಬುದು ಇದರಲ್ಲಿಲ್ಲ. ತಾಯಿಯ ಜೀವ ಉಳಿಸುವ ಚಿಕಿತ್ಸೆಗೂ ಅಡ್ಡಿಯಾದೀತು. ಫಿಟ್ಸ್‌ಜೆರಾಲ್ಡ್ ಬೇರೊಂದು ವಾಕ್ಯ ತಂದರು. ಸಂಸತ್ತು ಅದನ್ನು ಒಪ್ಪಲಿಲ್ಲ. ತಾವೇ ಮಾತು ಕೊಟ್ಟಿದ್ದ ತಿದ್ದುಪಡಿಗೆ ವಿರುದ್ಧವಾಗಿ ಮತ ಹಾಕಿರೆಂದು ಪ್ರಧಾನಿಯೇ ಹೇಳಬೇಕಾಯಿತು. ಪ್ರೊಟೆಸ್ಟೆಂಟ್ ಚರ್ಚುಗಳೂ ಈ ವಾಕ್ಯವನ್ನು ಒಪ್ಪಲಿಲ್ಲ.

ನಮ್ಮಲ್ಲಿ ಸಂಸತ್ತು ಸಂವಿಧಾನವನ್ನು ತಿದ್ದಬಲ್ಲದು. ಅಲ್ಲಿ ಪ್ರತಿಯೊಂದು ತಿದ್ದುಪಡಿಗೂ ಜನರ ನೇರ ಮತ ಬೇಕು. 1983ರ ಸೆಪ್ಟೆಂಬರ್ 7ರಂದು ಜನಮತ ಸಂಗ್ರಹ ನಡೆಯಿತು. ಶೇಕಡಾ 66.9 ಮಂದಿ ಪರ, 33.1 ಮಂದಿ ವಿರುದ್ಧ. ಮತ ಹಾಕಿದವರು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಹೀಗೆ ಎಂಟನೆಯ ತಿದ್ದುಪಡಿ ಸಂವಿಧಾನಕ್ಕೆ ಸೇರಿತು. ಚಳವಳಿ ಹುಟ್ಟಿ ಎರಡೂವರೆ ವರ್ಷವೂ ತುಂಬಿರಲಿಲ್ಲ.

ಹಣ ಎಲ್ಲಿಂದ?

ಸಂಘದ ರಾಜ್ಯೋತ್ಸವಕ್ಕೆ ರಸೀತಿ ಪುಸ್ತಕ ಹಿಡಿದು ಮನೆ ಮನೆ ಹತ್ತಿಳಿದ ನಮ್ಮಂಥವರಿಗೆ ಇಲ್ಲಿ ಸಹಜವಾಗಿ ಒಂದು ಪ್ರಶ್ನೆ ಏಳುತ್ತದೆ. ದೇಶದ ಮೂಲೆ ಮೂಲೆಗೆ ಕರಪತ್ರ, ಕಂಬ ಕಂಬಕ್ಕೆ ಫಲಕ, ಊರೂರಿಗೆ ಭಾಷಣಕಾರರು. ಇದಕ್ಕೆಲ್ಲ ಹಣ ಕೊಟ್ಟವರು ಯಾರು?

1983ರಲ್ಲಿ ಇದನ್ನು ಕೇಳುವ ಕಾನೂನೇ ಆ ದೇಶದಲ್ಲಿ ಇರಲಿಲ್ಲ. ರಾಜಕೀಯ ವಂತಿಗೆಗಳ ಲೆಕ್ಕ ಒಪ್ಪಿಸಬೇಕೆಂಬ ನಿಯಮ ಬಂದದ್ದು 1997ರ ಚುನಾವಣಾ ಕಾಯಿದೆಯಿಂದ. ಸಾರ್ವಜನಿಕ ಅಧಿಕಾರದ ಶಿಷ್ಟಾಚಾರ ನೋಡಿಕೊಳ್ಳುವ ಆಯೋಗವೊಂದು 2001ರಲ್ಲಿ ಸ್ಥಾಪನೆಯಾಗಿ ಈ ಲೆಕ್ಕಗಳ ಉಸ್ತುವಾರಿ ವಹಿಸಿಕೊಂಡಿತು. ಪಕ್ಷವೂ ಅಲ್ಲದ, ಅಭ್ಯರ್ಥಿಯೂ ಅಲ್ಲದ ಸಂಸ್ಥೆ ರಾಜಕೀಯ ಉದ್ದೇಶಕ್ಕೆ 100 ಯೂರೋಗಿಂತ ಹೆಚ್ಚಿನ ವಂತಿಗೆ ಪಡೆದರೆ 'ಮೂರನೆಯ ಪಕ್ಷ'ವೆಂದು ನೋಂದಾಯಿಸಿಕೊಳ್ಳಬೇಕು. ಆ ಹಣಕ್ಕೆ ಬ್ಯಾಂಕಿನಲ್ಲಿ ಪ್ರತ್ಯೇಕ ಖಾತೆ ಇರಬೇಕು. ಈಗಿನ ನಿಯಮದಂತೆ ಒಬ್ಬ ದಾನಿಯಿಂದ ವರ್ಷಕ್ಕೆ 2,500 ಯೂರೋಗಿಂತ ಹೆಚ್ಚು ಪಡೆಯಕೂಡದು. ಐರ್ಲೆಂಡಿನ ಪ್ರಜೆಗಳಲ್ಲದವರು ಹೊರದೇಶದಿಂದ ಕೊಟ್ಟ ಹಣವನ್ನು ಮುಟ್ಟಕೂಡದು. ನಮ್ಮಲ್ಲಿ ವಿದೇಶೀ ವಂತಿಗೆಯ ಕಾಯಿದೆ 1976ರಲ್ಲೇ ಬಂದು, 2010ರಲ್ಲಿ ಹೊಸ ರೂಪ ಪಡೆದದ್ದು ಕಚೇರಿ ಬಲ್ಲವರಿಗೆ ನೆನಪಿರಬಹುದು. ಉದ್ದೇಶ ಎರಡರದೂ ಹೆಚ್ಚು ಕಡಿಮೆ ಒಂದೇ.

ಇನ್ನೂ ಎರಡು ನಿಯಮಗಳು ಈ ಲೆಕ್ಕಕ್ಕೆ ಮುಖ್ಯ. ಜನಮತ ಸಂಗ್ರಹದಲ್ಲಿ ಸರಕಾರವು ಒಂದು ಕಡೆಯ ಪರ ಬೊಕ್ಕಸದ ಹಣ ಖರ್ಚು ಮಾಡಕೂಡದೆಂದು 1995ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. ರೇಡಿಯೋ, ದೂರದರ್ಶನಗಳಲ್ಲಿ ರಾಜಕೀಯ ಜಾಹೀರಾತು ಅಲ್ಲಿ ಮೊದಲಿನಿಂದಲೂ ನಿಷಿದ್ಧ. ಆದ್ದರಿಂದ ಎರಡು ಕಡೆಯವರೂ ಜನರ ಜೇಬನ್ನೇ ನೆಚ್ಚಬೇಕು. ಬಂದ ಹಣ ಫಲಕಗಳಿಗೆ, ಕರಪತ್ರಗಳಿಗೆ, ಸಭೆಗಳಿಗೆ ಹೋಗಬೇಕು. ಅಲ್ಲಿ ಒಂದು ಹಳೆಯ ರೂಢಿ ಇದೆ. ಭಾನುವಾರ ಪೂಜೆ ಮುಗಿದು ಜನ ಹೊರಬರುವಾಗ ಚರ್ಚಿನ ಗೇಟಿನ ಬಳಿ ಡಬ್ಬಿ ಹಿಡಿದು ನಿಲ್ಲುವುದು. ಪೋಲೀಸರ ಪರವಾನಗಿ ಪಡೆದು ಪಕ್ಷಗಳೂ ಸಂಸ್ಥೆಗಳೂ ಹೀಗೆ ನಿಲ್ಲುತ್ತವೆ. ಜೀವಪರ ಸಂಸ್ಥೆಗಳಿಗೆ ಈ ಗೇಟು ಸಹಜವಾಗಿಯೇ ಅನುಕೂಲದ ಜಾಗ. ಚಿಲ್ಲರೆ ಹಣದ ಜೊತೆಗೆ ಅಲ್ಲಿ ಕಾರ್ಯಕರ್ತರೂ ಸಿಗುತ್ತಾರೆ. ಡಬ್ಬಿಗೆ ನಾಣ್ಯ ಹಾಕಿದವನು ನಾಳೆ ಕರಪತ್ರ ಹಂಚಲೂ ಬರುತ್ತಾನೆಂಬುದು ಯಾವ ಸಂಘದ ಖಜಾಂಚಿಗೂ ಗೊತ್ತಿರುವ ಸತ್ಯ.

ಆದರೆ ಜನಮತ ಸಂಗ್ರಹಕ್ಕೆ ಒಂದು ಸಂಸ್ಥೆ ಒಟ್ಟು ಎಷ್ಟು ಖರ್ಚು ಮಾಡಬಹುದೆಂಬ ಮಿತಿಯನ್ನು ಈ ಕಾನೂನುಗಳು ಹಾಕಲಿಲ್ಲ. ಬರುವ ಹಣಕ್ಕೆ ಬೇಲಿ ಉಂಟು, ಹೋಗುವ ಹಣಕ್ಕೆ ಇಲ್ಲ. ಈ ಕೊರತೆಯ ಫಲ ಮುಂದೆ 2018ರಲ್ಲಿ ಕಂಡಿತು.

ವಾಕ್ಯ ನ್ಯಾಯಾಲಯಕ್ಕೆ ಬಂದಾಗ

ನ್ಯಾಯಾಧೀಶರನ್ನು ದೂರವಿಡಲು ಬರೆಸಿದ ವಾಕ್ಯ ಮತ್ತೆ ಮತ್ತೆ ನ್ಯಾಯಾಧೀಶರ ಮುಂದೆಯೇ ಬಂದು ನಿಂತಿತು. ಹುಟ್ಟದ ಮಕ್ಕಳ ರಕ್ಷಣೆಗೆಂದು ಇದ್ದ ಇನ್ನೊಂದು ಸಂಸ್ಥೆ, ಇಂಗ್ಲೆಂಡಿನ ಆಸ್ಪತ್ರೆಗಳ ವಿಳಾಸ ಕೊಡುತ್ತಿದ್ದ ಸಲಹಾ ಕೇಂದ್ರಗಳ ಮೇಲೆ, ಆಮೇಲೆ ವಿದ್ಯಾರ್ಥಿ ಸಂಘಗಳ ಮೇಲೆ ದಾವೆ ಹೂಡಿತು. ವಿದ್ಯಾರ್ಥಿಗಳ ಪರ ವಾದಿಸಿದವರಲ್ಲಿ, ಮುಂದೆ ರಾಷ್ಟ್ರಾಧ್ಯಕ್ಷೆಯಾದ ಮೇರಿ ರಾಬಿನ್ಸನ್ ಒಬ್ಬರು.

1992ರಲ್ಲಿ ಬಂದದ್ದು ಎಲ್ಲಕ್ಕಿಂತ ಕಠಿಣ ಪ್ರಕರಣ. ಅತ್ಯಾಚಾರಕ್ಕೆ ಒಳಗಾಗಿ ಗರ್ಭಿಣಿಯಾಗಿದ್ದ 14 ವರ್ಷದ ಹುಡುಗಿಯನ್ನು ತಂದೆತಾಯಿ ಇಂಗ್ಲೆಂಡಿಗೆ ಕರೆದುಕೊಂಡು ಹೋಗಿದ್ದರು. ಸರಕಾರದ ಪರವಾಗಿ ಹೈಕೋರ್ಟಿನಿಂದ ತಡೆಯಾಜ್ಞೆ ತರಲಾಯಿತು. ಕುಟುಂಬ ಮರಳಿ ಬಂದಿತು. ದೇಶವೆಲ್ಲ ಬೀದಿಗೆ ಇಳಿಯಿತು. ಸುಪ್ರೀಂ ಕೋರ್ಟು ಮಾರ್ಚ್ 5ರಂದು ತೀರ್ಪು ನೀಡಿ, ತಾಯಿಯ ಜೀವಕ್ಕೆ ನಿಜವಾದ ಅಪಾಯವಿದ್ದರೆ, ಆ ಅಪಾಯ ಆತ್ಮಹತ್ಯೆಯದಾದರೂ, ಗರ್ಭಪಾತ ಸಲ್ಲುತ್ತದೆಂದಿತು. ಗರ್ಭಪಾತಕ್ಕೆ ಬಾಗಿಲು ಮುಚ್ಚಲು ಬರೆದ ವಾಕ್ಯದಿಂದಲೇ ಬಾಗಿಲು ಇಷ್ಟು ತೆರೆಯಿತು!

ಅದೇ ವರ್ಷ ಹಳೆಯ ಚಳವಳಿಯವರು 'ಪ್ರೊ ಲೈಫ್ ಕ್ಯಾಂಪೇನ್' ಎಂಬ ಸಂಸ್ಥೆ ಕಟ್ಟಿದರು. ಎಳೆಯರು 'ಯೂತ್ ಡಿಫೆನ್ಸ್' ಕಟ್ಟಿದರು. ಮೊದಲಿನವರು ಶಾಸಕರನ್ನು ಕಾಣುವವರು, ಲೇಖನ ಬರೆಯುವವರು. ಎರಡನೆಯವರು ಬೀದಿಯಲ್ಲಿ ಚಿತ್ರ ಹಿಡಿದು ನಿಲ್ಲುವವರು, ರಾಜಕಾರಣಿಗಳ ಮನೆ ಮುಂದೆ ಕೂರುವವರು. 1992ರ ನವೆಂಬರಿನಲ್ಲಿ ಜನ ಮತ್ತೆ ಮತ ಹಾಕಿ, ಹೊರದೇಶಕ್ಕೆ ಹೋಗುವ ಹಕ್ಕನ್ನೂ ಮಾಹಿತಿ ಪಡೆಯುವ ಹಕ್ಕನ್ನೂ ಒಪ್ಪಿದರು. ಆತ್ಮಹತ್ಯೆಯ ಕಾರಣವನ್ನು ತೆಗೆದುಹಾಕುವ ಸೂಚನೆಯನ್ನು ಒಪ್ಪಲಿಲ್ಲ. 2002ರಲ್ಲಿ ಅದೇ ಕಾರಣವನ್ನು ತೆಗೆಯಲು ಇನ್ನೊಂದು ಯತ್ನ ನಡೆಯಿತು. ಬಿಷಪ್ಪರೂ ಪ್ರೊ ಲೈಫ್ ಕ್ಯಾಂಪೇನೂ ಅದರ ಪರ ನಿಂತರು. ಯೂತ್ ಡಿಫೆನ್ಸಿನವರು, ಇದು ಗರ್ಭ ಕಟ್ಟಿದ ಮೊದಲ ಗಳಿಗೆಯಿಂದ ರಕ್ಷಣೆ ಕೊಡುವುದಿಲ್ಲವೆಂದು ವಿರುದ್ಧ ನಿಂತರು. ಸುಮಾರು ಹತ್ತೂವರೆ ಸಾವಿರ ಮತಗಳಿಂದ ಸೂಚನೆ ಬಿದ್ದುಹೋಯಿತು. ಒಡೆದ ಮನೆಯ ಕಥೆ ಎಲ್ಲ ಕಡೆಯೂ ಒಂದೇ.

ಈ ನಡುವೆ ಹೆಂಗಸರು ಹಡಗು ಹತ್ತಿ, ವಿಮಾನ ಹತ್ತಿ ಇಂಗ್ಲೆಂಡಿಗೆ ಹೋಗುತ್ತಲೇ ಇದ್ದರು. 2001 ಒಂದೇ ವರ್ಷದಲ್ಲಿ ಐರ್ಲೆಂಡಿನ ವಿಳಾಸ ಕೊಟ್ಟು ಅಲ್ಲಿ ಗರ್ಭಪಾತ ಮಾಡಿಸಿಕೊಂಡವರು 6,673 ಮಂದಿ.

ಗಾಲ್ವೆಯ ಒಂದು ವಾರ

ಹೋಗಲಾಗದೆ ಹಾಸಿಗೆ ಹಿಡಿದವರ ಗತಿ ಏನು? ಇದಕ್ಕೆ ಉತ್ತರ ಸಿಕ್ಕಿದ್ದು 2012ರ ಅಕ್ಟೋಬರಿನಲ್ಲಿ.

ಚಳವಳಿ ಹುಟ್ಟಿದ 1981ರಲ್ಲಿಯೇ ಹುಟ್ಟಿ, ಬೆಳಗಾವಿಯಲ್ಲಿ ಬೆಳೆದ ಸವಿತಾ ಹಾಲಪ್ಪನವರ ದಂತವೈದ್ಯೆ. ಮದುವೆಯಾಗಿ ಗಂಡನ ಜೊತೆ ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೆ ನಗರದಲ್ಲಿ ನೆಲೆಸಿದ್ದರು. ಮೊದಲ ಗರ್ಭ, ಹದಿನೇಳನೆಯ ವಾರ. ಅಕ್ಟೋಬರ್ 21ರಂದು ಬೆನ್ನುನೋವೆಂದು ವಿಶ್ವವಿದ್ಯಾಲಯದ ಆಸ್ಪತ್ರೆಗೆ ಹೋದರು. ಗರ್ಭ ಉಳಿಯುವುದಿಲ್ಲವೆಂದು ಅಲ್ಲಿ ಗೊತ್ತಾಯಿತು. ಮರುದಿನ ನೀರುಚೀಲ ಒಡೆಯಿತು. ಉಳಿಯದ ಗರ್ಭವನ್ನು ತೆಗೆದುಬಿಡಿರೆಂದು ದಂಪತಿಗಳು ಕೇಳಿದರು. ಶಿಶುವಿನ ಹೃದಯ ಬಡಿಯುತ್ತಿದೆ, ಕಾನೂನು ಬಿಡುವುದಿಲ್ಲವೆಂಬ ಉತ್ತರ ಬಂದಿತು. ಇದು ಕ್ಯಾಥೊಲಿಕ್ ದೇಶವೆಂಬ ಮಾತನ್ನು ತಾನು ಆಡಿದ್ದುಂಟೆಂದು ಸೂಲಗಿತ್ತಿ ದಾದಿಯೊಬ್ಬಳು ಮರಣ ವಿಚಾರಣೆಯಲ್ಲಿ ಒಪ್ಪಿಕೊಂಡಳು.

ವಿಜ್ಞಾನ ಓದಿದವರಿಗೆ ಇಲ್ಲಿನ ಅಪಾಯ ಬಿಡಿಸಿ ಹೇಳಬೇಕಿಲ್ಲ. ನೀರುಚೀಲ ಒಡೆದ ಮೇಲೆ ಗರ್ಭಾಶಯಕ್ಕೆ ರೋಗಾಣುಗಳಿಂದ ಇದ್ದ ತಡೆ ಹೋಯಿತು. ಸೋಂಕು ರಕ್ತಕ್ಕೆ ಇಳಿದರೆ ಗಂಟೆಗಳ ಲೆಕ್ಕದಲ್ಲಿ ಮೂತ್ರಪಿಂಡ, ಶ್ವಾಸಕೋಶಗಳು ಸೋಲುತ್ತವೆ. 24ರಂದು ಸವಿತಾಗೆ ಹಾಗೆಯೇ ಆಯಿತು. ಅದೇ ದಿನ ನಿರ್ಜೀವ ಹೆಣ್ಣು ಶಿಶು ಹುಟ್ಟಿತು. 28ರಂದು ತಾಯಿಯೂ ತೀರಿಕೊಂಡರು. ವಯಸ್ಸು 31.

ತನಿಖೆಗಳು ಹೇಳಿದ್ದನ್ನು ಎರಡೂ ಕಡೆಯಿಂದ ಹೇಳುವುದು ನ್ಯಾಯ. ಸೋಂಕನ್ನು ಬೇಗ ಗುರುತಿಸಬಹುದಾಗಿದ್ದ 13 ಅವಕಾಶಗಳನ್ನು ಆಸ್ಪತ್ರೆ ಕಳೆದುಕೊಂಡಿತೆಂದು ಆರೋಗ್ಯ ಗುಣಮಟ್ಟದ ಪ್ರಾಧಿಕಾರ ಕಂಡುಕೊಂಡಿತು. ಆದ್ದರಿಂದ ತಪ್ಪು ಚಿಕಿತ್ಸೆಯದು, ಕಾನೂನಿನದಲ್ಲ ಎಂದು ಜೀವಪರ ಸಂಸ್ಥೆಗಳು ವಾದಿಸಿದವು. ಆದರೆ ಪ್ರೊಫೆಸರ್ ಅರುಳ್‌ಕುಮಾರನ್ ನೇತೃತ್ವದ ತನಿಖೆ ಇನ್ನೊಂದು ಮಾತನ್ನೂ ಹೇಳಿತು. ಶಿಶುವಿನ ಹೃದಯ ನಿಲ್ಲುವವರೆಗೆ ಕಾಯುವುದರ ಮೇಲೆಯೇ ವೈದ್ಯರ ಗಮನ ಅತಿಯಾಗಿ ನೆಟ್ಟಿತ್ತು, ಕಾನೂನಿನ ಅಸ್ಪಷ್ಟತೆ ಅದಕ್ಕೆ ಒಂದು ಕಾರಣ. ಸದರ್‌ಲೆಂಡ್ 1983ರಲ್ಲಿ ಎತ್ತಿದ್ದ ಪ್ರಶ್ನೆ ಇದೇ ಅಲ್ಲವೆ? ಸಭೆಯಲ್ಲಿ ಕೂತು 'ಸಮಾನ ಹಕ್ಕು' ಎಂದು ಬರೆದವರು ಸದುದ್ದೇಶದವರೇ ಇರಬಹುದು. ಆದರೆ ಅಪರಾಧಿಯಾಗುವ ಭಯವಿರುವ ವೈದ್ಯನು ನಡುರಾತ್ರಿ ವಾರ್ಡಿನಲ್ಲಿ ಆ ಎರಡು ಪದಗಳನ್ನು ಹೇಗೆ ತೂಗಿಯಾನು ಎಂಬುದನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ.

ನವೆಂಬರ್ 14ರಂದು ಸುದ್ದಿ ಪತ್ರಿಕೆಯಲ್ಲಿ ಬಂದಿತು. ವಾರದೊಳಗೆ ಡಬ್ಲಿನ್ನಿನಲ್ಲಿ ಸಾವಿರಾರು ಜನ ಸವಿತಾರ ಭಾವಚಿತ್ರ ಹಿಡಿದು ನಡೆದರು. 2013ರ ಜುಲೈಯಲ್ಲಿ, ತಾಯಿಯ ಜೀವಕ್ಕೆ ಅಪಾಯವಿದ್ದಾಗ ಗರ್ಭಪಾತಕ್ಕೆ ಅವಕಾಶ ಕೊಡುವ ಕಾಯಿದೆ ಬಂದಿತು. 1992ರ ತೀರ್ಪನ್ನು ಕಾನೂನಾಗಿಸಲು ಇಪ್ಪತ್ತೊಂದು ವರ್ಷ ಬೇಕಾಯಿತು.

ಮತ್ತೆ ಮತಪೆಟ್ಟಿಗೆ

2018ರ ಮೇ 25ಕ್ಕೆ ಎಂಟನೆಯ ತಿದ್ದುಪಡಿಯನ್ನೇ ತೆಗೆಯುವ ಪ್ರಶ್ನೆ ಜನರ ಮುಂದೆ ಬಂದಿತು. ಪ್ರೊ ಲೈಫ್ ಕ್ಯಾಂಪೇನ್ ತಾಯಿ-ಮಗು ಇಬ್ಬರನ್ನೂ ಪ್ರೀತಿಸಿರೆಂಬ ಘೋಷಣೆಯೊಂದಿಗೆ ಮನೆ ಮನೆ ಸುತ್ತಿತು. ಎದುರು ಕಡೆಯವರು ಫಲಕಗಳಿಗೆಂದು ಜನರಲ್ಲಿ ಸಣ್ಣ ವಂತಿಗೆ ಕೇಳಿದಾಗ, ಒಂದು ವಾರದಲ್ಲಿ ಸುಮಾರು ಐದು ಲಕ್ಷ ಯೂರೋ ಕೂಡಿತು. 1983ರಲ್ಲಿ ಒಂದು ಕಡೆಯವರಿಗಿದ್ದ ಮನೆ ಮನೆಯ ಬಲ ಈಗ ಇನ್ನೊಂದು ಕಡೆಗೂ ಬಂದಿತ್ತು.

ಹಣದ ತಕರಾರು ಎರಡು ಕಡೆಯಿಂದಲೂ ಎದ್ದಿತು. ಆಮ್ನೆಸ್ಟಿ ಸಂಸ್ಥೆಯ ಐರ್ಲೆಂಡ್ ಶಾಖೆಯು ವಿದೇಶೀ ಪ್ರತಿಷ್ಠಾನದಿಂದ ಪಡೆದ 1,37,000 ಯೂರೋ ಮರಳಿಸಬೇಕೆಂದು 2017ರ ಕೊನೆಯಲ್ಲಿ ಆಯೋಗ ಹೇಳಿತು. ಮರುವರ್ಷ ಹೈಕೋರ್ಟಿನಲ್ಲಿ ಆ ಆದೇಶ ರದ್ದಾಯಿತು. ಅಮೆರಿಕೆಯ ಧಾರ್ಮಿಕ ಗುಂಪುಗಳ ಹಣ ಜೀವಪರ ಪ್ರಚಾರಕ್ಕೆ ಹರಿಯುತ್ತಿದೆ ಎಂಬ ದೂರು ಇನ್ನೊಂದು ಕಡೆಯಿಂದ. ಅಂತರ್ಜಾಲದ ಜಾಹೀರಾತುಗಳನ್ನು ಯಾವ ಕಾನೂನೂ ಹಿಡಿದಿರಲಿಲ್ಲ. ಮತದಾನಕ್ಕೆ ಎರಡೂವರೆ ವಾರ ಇರುವಾಗ ಫೇಸ್‌ಬುಕ್ಕು ಹೊರದೇಶಗಳ ಜಾಹೀರಾತನ್ನು, ಗೂಗಲ್ ಈ ವಿಷಯದ ಎಲ್ಲ ಜಾಹೀರಾತನ್ನೂ ತಾವಾಗಿಯೇ ನಿಲ್ಲಿಸಿದವು. ಶಾಸಕರು ಹಾಕದ ಬೇಲಿಯನ್ನು ಕಂಪನಿಗಳು ಹಾಕಿದವು. ಇದು ಹೆಮ್ಮೆಪಡುವ ಮಾತೇನಲ್ಲ.

ಫಲಿತಾಂಶ: ತೆಗೆಯುವ ಪರ ಶೇಕಡಾ 66.4, ವಿರುದ್ಧ 33.6. 1983ರ ಅಂಕಿಗಳನ್ನು ತಿರುವಿ ಹಾಕಿದಂತೆ! ವಿರುದ್ಧ ನಿಂತ ಕ್ಷೇತ್ರ ಡೊನೆಗಾಲ್ ಒಂದೇ. 2019ರ ಜನವರಿ 1ರಿಂದ ಹನ್ನೆರಡು ವಾರದೊಳಗಿನ ಗರ್ಭಪಾತ ಕಾನೂನುಬದ್ಧವಾಯಿತು. ಜೀವಪರ ಸಂಸ್ಥೆಗಳು ಮುಚ್ಚಿಹೋಗಲಿಲ್ಲ. ಮೂರರಲ್ಲಿ ಒಂದು ಪಾಲು ಮತದಾರರು ತಮ್ಮ ಜೊತೆಗಿದ್ದಾರೆಂದು ಹೇಳಿ ಕೆಲಸ ಮುಂದುವರಿಸಿದವು.

ಮತದಾನಕ್ಕೆ ಮುಂಚೆ ಬೆಳಗಾವಿಯಿಂದ ಸವಿತಾರ ತಂದೆ ಆ ದೇಶದ ಜನರಲ್ಲಿ ಒಂದು ಬೇಡಿಕೆ ಇಟ್ಟಿದ್ದರು: ಮತ ಹಾಕುವಾಗ ತಮ್ಮ ಮಗಳನ್ನು ನೆನೆಯಿರಿ ಎಂದು. ಡಬ್ಲಿನ್ನಿನ ಒಂದು ಗೋಡೆಯ ಮೇಲೆ ಬರೆದ ಆಕೆಯ ಚಿತ್ರದ ಸುತ್ತ ಜನ ಚೀಟಿಗಳನ್ನು ಅಂಟಿಸಿ ಹೋದರು.

ಊರು ಬಿಟ್ಟು ಬಂದ ನಮಗೆ ಈ ಚರಿತ್ರೆಯಲ್ಲಿ ಮನಸ್ಸಿಗೆ ನಾಟುವ ಇನ್ನೊಂದು ಸಂಗತಿಯಿದೆ. ಐರ್ಲೆಂಡಿನ ಜನಮತ ಸಂಗ್ರಹದಲ್ಲಿ ಮತ ಹಾಕಲು ಆ ದೇಶದ ಪ್ರಜೆಯಾಗಿರಬೇಕು. ದುಡಿಯಲು ಹೋದವರಿಗೆ ಮತವಿಲ್ಲ, ಕಾನೂನು ಮಾತ್ರ ಉಂಟು. ಹೊರದೇಶಗಳಲ್ಲಿ ನೆಲೆಸಿದ ಐರಿಷ್ ತರುಣ ತರುಣಿಯರಿಗೂ ಅಂಚೆಯ ಮತವಿಲ್ಲ. 2018ರಲ್ಲಿ ಸಾವಿರಾರು ಮಂದಿ ತಮ್ಮ ಹಣದಿಂದಲೇ ವಿಮಾನ ಹತ್ತಿ ಊರಿಗೆ ಬಂದು ಮತ ಹಾಕಿದರು. ನಾವಾದರೋ ದೇಶದ ಒಳಗೇ ವಲಸೆ ಬಂದವರು. ಇರುವ ಊರಿನಲ್ಲಿಯೇ ಪಟ್ಟಿಗೆ ಹೆಸರು ಸೇರಿಸಬಹುದು. ಆದರೂ ಊರಿನ ಪಟ್ಟಿಯಲ್ಲೂ ಇಲ್ಲಿನ ಪಟ್ಟಿಯಲ್ಲೂ ಇಲ್ಲದವರು ನಮ್ಮಲ್ಲಿ ಎಷ್ಟು ಮಂದಿ!

ನಮ್ಮ ಮಕ್ಕಳು ಈಗ ಇನ್ನೂ ದೂರದ ಊರುಗಳಿಗೆ ಹೊರಟಿದ್ದಾರೆ. ಸಂಬಳವೆಷ್ಟು, ಮನೆ ಬಾಡಿಗೆಯೆಷ್ಟು, ಅಕ್ಕಿ ಬೇಳೆ ಸಿಗುತ್ತದೆಯೇ ಎಂದೆಲ್ಲ ವಿಚಾರಿಸಿ ಕಳಿಸುತ್ತೇವೆ. ಆ ಊರಿನ ಕಾನೂನಿನ ಪುಸ್ತಕದಲ್ಲಿ, ಆಸ್ಪತ್ರೆಯ ಹಾಸಿಗೆಯ ಮೇಲೆ ಮಲಗಿದ ನಮ್ಮ ಮಗಳ ಬಗ್ಗೆ ಯಾವ ವಾಕ್ಯ ಬರೆದಿದೆ ಎಂಬುದನ್ನೂ ಒಮ್ಮೆ ವಿಚಾರಿಸುವುದು ಒಳಿತು.